ಕಡಲ ನಡುವಣ ಪಕ್ಷಿದಿನಚರಿ

ಸ್ಕಾಟ್ಲೆಂಡಿನ ಉತ್ತರ ಭಾಗದ ಕಡಲಲ್ಲಿ ಆರ್ಕ್ನಿ ಮತ್ತು ಶೆಟ್‌ಲೆಂಡ್ ಎಂಬ ಎರಡು ದ್ವೀಪಸಮೂಹಗಳಿವೆ. ಇವೆರಡರ ನಡುವೆ ಒಂಟಿಯಾಗಿ ನಿಂತಿರುವ ನಡುಗಡ್ಡೆಯೇ ಫೇರ್ ಐಲ್. ಅದರ ಉದ್ದ ಸುಮಾರು 5 ಕಿ.ಮೀ.; ಅಗಲ ಅದರ ಅರ್ಧದಷ್ಟು. ಮರಗಳು ತೀರ ವಿರಳ. ವಾಸಿಸುವ ಜನ ನೂರರೊಳಗೆ. ಆದರೂ ಈವರೆಗೆ ಇಲ್ಲಿ ದಾಖಲಾಗಿರುವ ಪಕ್ಷಿಪ್ರಭೇದಗಳು 390ಕ್ಕೂ ಅಧಿಕ. ಇದು ಹೇಗೆ ಸಾಧ್ಯವಾಯಿತೆಂದು ಓದುಗರಿಗೆ ಅಚ್ಚರಿಯಾಗಬಹುದು.

ಏಪ್ರಿಲ್, ಮೇ ತಿಂಗಳುಗಳಲ್ಲಿ ಅಸಂಖ್ಯ ಹಕ್ಕಿಗಳು ಗೂಡು ಕಟ್ಟಲು ಉತ್ತರ ದಿಕ್ಕಿಗೆ ಪ್ರಯಾಣ ಮಾಡುತ್ತವೆ. ಇರುಳಿನಲ್ಲಿ ಹಾರುತ್ತಿರುವಾಗ ಪೂರ್ವದ ಗಾಳಿ ಬೀಸಿ, ಮಳೆಯೂ ಕೂಡಿಕೊಂಡರೆ, ಅವು ದಾರಿಯಿಂದ ಪಶ್ಚಿಮಕ್ಕೆ ತಳ್ಳಲ್ಪಡುತ್ತವೆ. ಬಳಲಿದ ಆ ಜೀವಿಗಳಿಗೆ ಕಡಲ ನಡುವೆ ಕಾಣುವ ನೆಲ ಇದೊಂದೇ. ಹಾಗೆ ಬಂದಿಳಿಯುವುದರಲ್ಲಿ ಬ್ಲೂಥ್ರೋಟ್ ಎಂಬ ನೀಲಿಗೊರಳಿನ ಕಿರುಹಕ್ಕಿಯೂ ಒಂದು. ಸ್ಕ್ಯಾಂಡಿನೇವಿಯಾದಲ್ಲಿ ಮರಿಮಾಡುವ ಈ ಹಕ್ಕಿಗಳಲ್ಲಿ ಕೆಲವು ಚಳಿಗಾಲವನ್ನು ಭಾರತ ಉಪಖಂಡದಲ್ಲಿ ಕಳೆಯುತ್ತವೆಂಬುದು ಸಂಶೋಧನೆಯಿಂದ ಸಿದ್ಧವಾಗಿದೆ. ನಮ್ಮ ಕೆರೆಯಂಚಿನ ಜೊಂಡಿನಲ್ಲಿಯೂ ಈ ಜಾತಿಯ ಹಕ್ಕಿ ಚಳಿಗಾಲದ ಅತಿಥಿಯೇ.

ಜಾರ್ಜ್ ವಾಟರ್‌ಸ್ಟನ್ ಎಂಬವರು ಎರಡನೆಯ ಮಹಾಯುದ್ಧದಲ್ಲಿ, 1941ರಲ್ಲಿ, ಕ್ರೀಟ್ ದ್ವೀಪದಲ್ಲಿ ಸೆರೆಸಿಕ್ಕರು. ಯುದ್ಧಕೈದಿಗಳ ಶಿಬಿರದಲ್ಲಿ ಕುಳಿತೇ ಫೇರ್ ಐಲ್‌ನಲ್ಲಿ ಪಕ್ಷಿವೀಕ್ಷಣಾಲಯವೊಂದನ್ನು ಕಟ್ಟುವ ಯೋಜನೆ ಹೆಣೆದರು. ಬಿಡುಗಡೆ ಹೊಂದಿದ ಮೇಲೆ 1947ರಲ್ಲಿ ದ್ವೀಪವನ್ನೇ ಕೊಂಡರು. 1948ರಲ್ಲಿ ವೀಕ್ಷಣಾಲಯ ಆರಂಭವಾಯಿತು. 1954ರಲ್ಲಿ ದ್ವೀಪವು ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂದಿತು. ಮನುಷ್ಯನ ದೇಹ ಬಂಧನದಲ್ಲಿದ್ದರೂ ಸತ್ಸಂಕಲ್ಪಕ್ಕೆ ಬೇಲಿಯಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಲ್ಲಿಯ ಕಾರ್ಯಕ್ರಮ ಸರಳವಾದುದು. ಹಗಲೆಲ್ಲ ದ್ವೀಪವನ್ನು ಸುತ್ತಿ ಹಕ್ಕಿಗಳನ್ನು ಎಣಿಸುತ್ತಾರೆ. ತಂತಿಬಲೆಯ ದೊಡ್ಡ ಬೋನುಗಳಲ್ಲಿ ಕೆಲವನ್ನು ಹಿಡಿದು, ಕಾಲಿಗೆ ಸಂಖ್ಯೆಯುಳ್ಳ ಹಗುರವಾದ ಉಂಗುರ ತೊಡಿಸಿ ಬಿಡುತ್ತಾರೆ. ಸಂಜೆ ಎಲ್ಲರೂ ಒಟ್ಟಾಗಿ ಕುಳಿತು, ಒಂದೊಂದು ಜಾತಿಯ ಹೆಸರನ್ನು ಕರೆದಾಗ ತಾವು ಕಂಡ ಸಂಖ್ಯೆಯನ್ನು ಹೇಳುತ್ತಾರೆ. ಅಪರೂಪದ ಹಕ್ಕಿಗೂ ನಿತ್ಯದ ಗುಬ್ಬಿಗೂ ಆ ಪುಸ್ತಕದಲ್ಲಿ ಸಮಾನ ಸ್ಥಾನ.

2019ರ ಮಾರ್ಚ್ ತಿಂಗಳಲ್ಲಿ ಬೆಂಕಿ ತಗುಲಿ ಆ ಕಟ್ಟಡ ಸಂಪೂರ್ಣ ನಾಶವಾಯಿತು. ಆದರೆ ದಶಕಗಳ ದಾಖಲೆಗಳನ್ನು ಮೊದಲೇ ಗಣಕಯಂತ್ರಕ್ಕೆ ಏರಿಸಿದ್ದರಿಂದ ಅವು ಉಳಿದುಕೊಂಡವು. 2025ರಲ್ಲಿ ಹೊಸ ವೀಕ್ಷಣಾಲಯ ಬಾಗಿಲು ತೆರೆಯಿತು.

ಇಂತಹ ಎಣಿಕೆಯ ಬೆಲೆ ಏನೆಂಬುದು ವಿಪತ್ತು ಬಂದಾಗಲೇ ತಿಳಿಯುತ್ತದೆ. 2021ರಿಂದೀಚೆಗೆ ಹಕ್ಕಿಜ್ವರವು ಈ ಕಡಲತೀರಗಳನ್ನು ಕಾಡಿತು. ಶೆಟ್‌ಲೆಂಡಿನ ಜನ ಬಾಂಕ್ಸಿ ಎಂದು ಕರೆಯುವ ಗ್ರೇಟ್ ಸ್ಕುವಾ ಎಂಬ ಕಡಲಹಕ್ಕಿ ಬ್ರಿಟನ್ನಿನಲ್ಲಿ ಶೇ. 76ರಷ್ಟು ಕುಸಿಯಿತೆಂದು 2023ರ ಗಣತಿಯಿಂದ ಗೊತ್ತಾಯಿತು. ಹಿಂದಿನ ಎಣಿಕೆ ಇಲ್ಲದಿದ್ದರೆ ಈ ನಷ್ಟವನ್ನು ಅಳೆಯುವ ಬಗೆಯೇ ಇರುತ್ತಿರಲಿಲ್ಲ. ಎಷ್ಟಿತ್ತೆಂದು ಅರಿಯದವನಿಗೆ ಎಷ್ಟು ಹೋಯಿತೆಂಬುದೂ ತಿಳಿಯದು.

ತಾಯಂದಿರು ಮನೆಯ ಮಕ್ಕಳ ಕೈಗೆ ಒಂದು ನೋಟುಪುಸ್ತಕವನ್ನು ಕೊಡಲಿ. ಈ ಚಳಿಗಾಲದಲ್ಲಿ ಊರ ಕೆರೆಗೆ ಯಾವ ಹಕ್ಕಿ ಯಾವ ದಿನ ಬಂದಿತು, ಯಾವ ದಿನ ಹೊರಟಿತು ಎಂದು ಮಕ್ಕಳು ಬರೆದಿಡಲಿ. ನಮ್ಮ ಕೆರೆಯಿಂದ ಹೊರಡುವ ಹಕ್ಕಿಗೂ ಎಲ್ಲೋ ದೂರದಲ್ಲಿ ಒಂದು ವಸಂತ ಕಾದಿರುತ್ತದೆ.