ಡಂಗುರ ಯಾರದು, ಹೆಸರು ಯಾರದು?



2025ರ ಮೇ ತಿಂಗಳಲ್ಲಿ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನೊಳಗೆ ಮೆರವಣಿಗೆ ಹೊರಟಿತು. ಕಾರು, ಬೈಕು, ಹಾಡು, ಕೇಕೆ. ಜಾತ್ರೆಯಲ್ಲ, ಎಲೆಕ್ಷನ್ನೂ ಅಲ್ಲ. 2024ರ ಜನವರಿಯಲ್ಲಿ ಹಾನಗಲ್ಲಿನ ಲಾಡ್ಜಿಗೆ ನುಗ್ಗಿ ಹೆಣ್ಣುಮಗಳೊಬ್ಬಳನ್ನು ಎಳೆದೊಯ್ದು ಸಾಮೂಹಿಕ ಅತ್ಯಾಚಾರ ಮಾಡಿದರೆಂಬ ಕೇಸಿನ ಏಳು ಆರೋಪಿಗಳಿಗೆ ಜಾಮೀನು ಸಿಕ್ಕಿತ್ತು. ಕೇಸು ತೀರಿರಲಿಲ್ಲ. ಜಾಮೀನಿಗೇ ಇಷ್ಟು ಸಂಭ್ರಮ! ಮೆರವಣಿಗೆಯ ವಿಡಿಯೋ ನಾಡೆಲ್ಲ ಹರಿದಾಡಿದ ಮೇಲೆ ಪೊಲೀಸರು ಬೇರೆ ಕೇಸು ಹಾಕಿದರು.

ಈಗ ಕಟ್ಟೆಯ ಮೇಲೆ ಕೂತವರು ಹೇಳ್ತಾರೆ: "ಇಂಥವರ ಹೆಸರು ಪಂಚಾಯ್ತಿ ಬೋರ್ಡಿಗೆ ಹಚ್ರಿ, ಅಮೆರಿಕಾದಾಗ ಹಂಗ ಐತಂತ." ಖರೇ, ಐತಿ. 1996ರ ಮೇಗನ್ ಕಾನೂನಿನಿಂದ ಅಲ್ಲಿ ಅಪರಾಧಿಯ ಸುದ್ದಿ ಊರಿಗೆ ತಿಳಿಸ್ತಾರೆ. ನಮ್ಮಲ್ಲಿಯೂ 2018ರ ಸೆಪ್ಟೆಂಬರ್ 20ರಂದು ದೆಹಲಿಯಲ್ಲಿ ಲೈಂಗಿಕ ಅಪರಾಧಿಗಳ ರಿಜಿಸ್ಟರು ತೆರೆದರು. ಮೊದಲ ದಿನವೇ 4.4 ಲಕ್ಷ ನಮೂದು. ಆದರೆ ಅದನ್ನು ನೋಡುವವರು ಪೊಲೀಸರು ಮಾತ್ರ.

ಆ ರಿಜಿಸ್ಟರು ಬೋರ್ಡಿಗೆ ಬರಲಿ ಎಂದು ನಾವು ಕೇಳುವುದಿಲ್ಲ. ರಿಜಿಸ್ಟರಿನ ರುಚಿ ನಮ್ಮ ಜನಕ್ಕೆ ಗೊತ್ತು. 1871ರಲ್ಲಿ ಬಿಳಿಯರು ಹುಟ್ಟಿದ ಕೂಸನ್ನೇ ಕಳ್ಳನೆಂದು ಬರೆದರು. ಹುಬ್ಬಳ್ಳಿಯ ಸೆಟ್ಲಮೆಂಟಿನೊಳಗೆ ಕೂಡಿಹಾಕಿ ಹಾಜರಿ ಕರೆದರು. 1952ರಲ್ಲಿ ಆ ಕಾಯ್ದೆ ಸತ್ತಿತು. 1961ರಲ್ಲಿ ನಮ್ಮದೇ ಸರಕಾರ ರೂಢಿಗತ ಅಪರಾಧಿಗಳ ಕಾಯ್ದೆಯೆಂಬ ಹೊಸ ಅಂಗಿ ಹೊಲಿಸಿತು. ಬೋರ್ಡಿಗೆ ಮೊದಲು ಏರೋದು ಯಾರ ಹೆಸರು, ಗೌಡರ ಮಗನದೋ ಕೇರಿಯ ಹುಡುಗನದೋ, ನೀವೇ ಹೇಳ್ರಿ. ಆರೋಪಿ ಮನೆಯವನೇ ಆದರೆ ಅವನ ಹೆಸರು ಬರೆದಂತೆ ಆ ಕೂಸಿನ ಹೆಸರೂ ಬರೆದಂತೆಯೇ.

ಊರಿಗೆ ಸುದ್ದಿ ಸಾರಲು ಹಲಗಿಯನ್ನು ತಲೆತಲಾಂತರ ನಮ್ಮ ಕೊರಳಿಗೇ ಕಟ್ಟಿದ್ದರು. ನಮ್ಮ ಹೆಣ್ಣುಮಕ್ಕಳ ಸುದ್ದಿಗೆ ಮಾತ್ರ ಆ ಹಲಗಿ ಬಾರಿಸಗೊಡಲಿಲ್ಲ. ಶಿಗ್ಗಾವಿಯಿರಲಿ, ಹಿರೇಕೆರೂರಿರಲಿ, ಯಾರ ಹೊಲಕ್ಕೆ ಒಬ್ಬಳೇ ಕಳೆ ತೆಗೆಯಲು ಹೋಗಬಾರದೆಂದು ಕೂಲಿ ಹೆಂಗಸಿಗೆ ಬೋರ್ಡು ಹೇಳಬೇಕೇನು? ಗೊತ್ತಿಲ್ಲದಂತೆ ಕೂತಿರೋದು ಆಫೀಸು. ಸವಣೂರಿನಲ್ಲಿ 2010ರ ಜುಲೈನಲ್ಲಿ ನಮ್ಮ ಭಂಗಿ ಬಂಧುಗಳು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡಾಗಲೇ ಅಲ್ಲವೇ ದೊಡ್ಡವರ ಕಣ್ಣು ತೆರೆದದ್ದು!

ನಮಗೆ ಬೇಕಾದ ತಿಳುವಳಿಕೆ ಕಾನೂನಿನಲ್ಲೇ ಐತಿ. ದೌರ್ಜನ್ಯ ತಡೆ ಕಾಯ್ದೆಗೆ 15ಎ ಕಲಂ ಸೇರಿ 2016ರಿಂದ ಜಾರಿಯಾಗಿದೆ: ಜಾಮೀನು ಸೇರಿ ಪ್ರತಿ ವಿಚಾರಣೆಯ ಮುನ್ಸೂಚನೆ ನೊಂದವರಿಗೆ ಮುಟ್ಟಬೇಕು. ಆರೋಪಿ ಹೊರಗೆ ಬಂದ ಸಂಗತಿ ಪಟಾಕಿ ಸದ್ದಿನಿಂದ ಅವಳಿಗೆ ತಿಳಿಯಬೇಕೇ? ಈ ಕಲಂ ಪರಿಶಿಷ್ಟರಿಗೆ ಮಾತ್ರ. ಹಾನಗಲ್ಲಿನ ಕೇಸಿನಂಥ ಕೇಸುಗಳಲ್ಲಿ ಯಾವ ಜಾತಿ, ಯಾವ ಧರ್ಮದ ಹೆಣ್ಣಿಗೂ ಅದು ಸಿಗಬೇಕು.

ಡಿ.ಸಿ. ಸಾಹೇಬರ ಅಧ್ಯಕ್ಷತೆಯ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ನಿಯಮ. ಮುಂದಿನ ಸಭೆಯ ದಿನ ನಾಲ್ಕೂ ತಾಲ್ಲೂಕಿನ ಕೇರಿಗಳಿಂದ ಹಾವೇರಿಗೆ ಬನ್ನಿ. ಅಕ್ಕಂದಿರು ಮುಂದೆ ಕೂಡಲಿ. ಠಾಣೆ ಠಾಣೆಯ ಲೆಕ್ಕ ಕೇಳೋಣ: ಎಷ್ಟು ಜಾಮೀನು ಅರ್ಜಿ ಬಂದವು, ಎಷ್ಟು ನೋಟಿಸು ಎಷ್ಟು ಮನೆಗೆ ಮುಟ್ಟಿದವು, ಕನ್ನಡದಾಗ ಓದಿ ಹೇಳಿದವರು ಯಾರು? ಬರೆದ ಉತ್ತರ ಕೈಗೆ ಬರೋತನಕ ಏಳೋದು ಬ್ಯಾಡ.