ಲೆಕ್ಕಕ್ಕೆ ಬಾರದ ರಕ್ತ

ಕಳೆದ ವರ್ಷ ನನ್ನ ತಾಯಿಯವರು ನ್ಯುಮೋನಿಯಾದಿಂದ ನಾಸಿಕದ ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದ್ದರು. ಬಳಿಕ ತಮ್ಮನ ಮನೆಯಿರುವ ಛತ್ರಪತಿ ಸಂಭಾಜಿನಗರಕ್ಕೆ ಕರೆದೊಯ್ದು ಅಲ್ಲಿನ ಇನ್ನೊಂದು ಆಸ್ಪತ್ರೆಗೆ ಸೇರಿಸಿದೆವು. ಮೊದಲ ದಿನ 11.4 ಗ್ರಾಂ ಇದ್ದ ಹಿಮೋಗ್ಲೋಬಿನ್ ಹದಿನಾಲ್ಕನೆಯ ದಿನಕ್ಕೆ 8.9ಕ್ಕೆ ಇಳಿದಿತ್ತು. ಒಳಗೆಲ್ಲೋ ರಕ್ತ ಸೋರುತ್ತಿರಬೇಕೆಂದು ವೈದ್ಯರು ಶಂಕಿಸಿದರು. ಅದನ್ನು ಪತ್ತೆಹಚ್ಚಲು ಮತ್ತೆ ರಕ್ತ ತೆಗೆದರು!

ಧಾರವಾಡದ ಕನ್ನಡವೊಂದನ್ನೇ ಬಲ್ಲ ಎಂಬತ್ತರ ಅವ್ವ, ನಸುಕಿನಲ್ಲಿ ಸೂಜಿ ಹಿಡಿದು ಬರುತ್ತಿದ್ದ ಹುಡುಗನನ್ನು "ನಿನ್ನೇನ ತಗೊಂಡೀಯಲ್ಲೋ ತಮ್ಮಾ, ಇವತ್ತ ಮತ್ತ ಯಾಕ?" ಎಂದು ಕೇಳುತ್ತಿದ್ದರು. ಆತನಿಗೆ ಕನ್ನಡ ಬಾರದು. ಆ ಪ್ರಶ್ನೆಯನ್ನು ಮರಾಠಿಯಲ್ಲಿ ಕೇಳುವ ಗೋಜಿಗೆ ನಾನೂ ಹೋಗಲಿಲ್ಲ. ಹೋಗಬೇಕಿತ್ತು.

ವೆಚ್ಚದ ಮರುಪಾವತಿಗೆ ಕಾಗದಪತ್ರ ಜೋಡಿಸುವಾಗ, ಸರ್ಕಾರಿ ನೌಕರನ ಹಳೆಯ ಚಟದಂತೆ ರಸೀದಿಗಳನ್ನು ಎಣಿಸಿದೆ. ಹದಿನಾಲ್ಕು ದಿನಗಳಲ್ಲಿ ಇಪ್ಪತ್ತಾರು ಸಲ ರಕ್ತ ತೆಗೆದಿದ್ದರು. ನಾಸಿಕದಲ್ಲಿ ಬೆಳಿಗ್ಗೆ ಆದ ಪರೀಕ್ಷೆಗಳೇ ಸಂಭಾಜಿನಗರದಲ್ಲಿ ಅದೇ ರಾತ್ರಿ ಮತ್ತೊಮ್ಮೆ ಆಗಿದ್ದವು. ಸಲಕ್ಕೆ ಎಂಟು ಮಿಲಿ ಎಂದರೂ ಇನ್ನೂರು ಮಿಲಿ ದಾಟುತ್ತದೆ. ಇಳಿಕೆಯೆಲ್ಲ ಇದರಿಂದಲೇ ಎನ್ನಲಾರೆ. ಸೋಂಕು ಕೂಡ ರಕ್ತ ಉತ್ಪಾದಿಸುವ ಮಜ್ಜೆಯ ಕೆಲಸವನ್ನು ಕುಗ್ಗಿಸುತ್ತದೆ. ಕುಗ್ಗಿದ ಹೊತ್ತಿನಲ್ಲಿಯೇ ನಾವು ತೆಗೆಯುತ್ತೇವೆ ಎಂಬುದು ನನ್ನ ತಕರಾರು.

ವೈದ್ಯಲೋಕಕ್ಕೆ ಇದು ಹೊಸ ವಿಷಯವೇನಲ್ಲ. ಟೊರಾಂಟೊದ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸಾಮಾನ್ಯ ವಾರ್ಡಿನ ರೋಗಿಗಳಲ್ಲಿ ಪರೀಕ್ಷೆಗೆಂದು ತೆಗೆದ ಪ್ರತಿ 100 ಮಿಲಿ ರಕ್ತಕ್ಕೆ ಹಿಮೋಗ್ಲೋಬಿನ್ ಸುಮಾರು 0.7 ಗ್ರಾಂ ಇಳಿದಿತ್ತು. ಆ 100 ಮಿಲಿಯಲ್ಲಿ ಸುಮಾರು 50 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಊಟದಿಂದ ದೇಹಕ್ಕೆ ದಕ್ಕುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ನಮ್ಮ ಹೆಣ್ಣುಮಕ್ಕಳಂತೂ ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲೇ ಬಡವಾಗಿರುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಮಹಿಳೆಯರಲ್ಲಿ ಮಹಾರಾಷ್ಟ್ರದಲ್ಲಿ ಶೇ. 54, ಕರ್ನಾಟಕದಲ್ಲಿ ಶೇ. 48ರಷ್ಟು ಮಂದಿಗೆ ರಕ್ತಹೀನತೆಯಿದೆ.

ಪರೀಕ್ಷೆಯೇ ಬೇಡವೆಂಬ ಮೂರ್ಖವಾದ ನನ್ನದಲ್ಲ. ಅವ್ವನ ಸೋಂಕಿಗೆ ಯಾವ ಔಷಧ ನಾಟೀತೆಂದು ತಿಳಿದದ್ದು ರಕ್ತಪರೀಕ್ಷೆಯಿಂದಲೇ. ಆದರೆ "ಪ್ರತಿದಿನ" ಎಂದು ಒಮ್ಮೆ ಬರೆದಿಟ್ಟ ಆದೇಶವನ್ನು ರದ್ದುಪಡಿಸುವವರೇ ಇರುವುದಿಲ್ಲ. ಕಚೇರಿಯಲ್ಲಿ ಇಂಥ ಆದೇಶಗಳು ನನ್ನ ಕಣ್ಣೆದುರಿಗೇ ಮುಪ್ಪಾಗಿವೆ. ಅಲ್ಲಿ ಪೋಲಾಗುವುದು ಬರಿಯ ಕಾಗದ. ರೋಗಿಯ ಮಂಚಕ್ಕೆ ತೂಗುಹಾಕಿದ ಪಟ್ಟಿಯಲ್ಲಿ ಕುಡಿದ ನೀರು, ಏರಿಸಿದ ಸಲೈನ್, ಹೋದ ಮೂತ್ರ ಎಲ್ಲವೂ ಮಿಲಿ ಲೆಕ್ಕದಲ್ಲಿ ದಾಖಲಾಗಿದ್ದವು. ತೆಗೆದ ರಕ್ತಕ್ಕೆ ಮಾತ್ರ ಅಲ್ಲಿ ಅಂಕಣವೇ ಇರಲಿಲ್ಲ. ಅದೊಂದು ಗೆರೆ ಎಳೆಯಲು ಯಾವ ಬಜೆಟ್ ಬೇಕು?

ಇನ್ನು ಕೊಳವೆಗಳು. ಕೆನಡಾದ 25 ತೀವ್ರ ನಿಗಾ ಘಟಕಗಳಲ್ಲಿ ಕಡಿಮೆ ರಕ್ತ ಹಿಡಿಯುವ ಕೊಳವೆಗಳನ್ನು ಬಳಸಿ ನೋಡಿದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಮಾದರಿ ಸಾಲದೆ ಪರೀಕ್ಷೆ ನಿಂತುಹೋದ ಪ್ರಸಂಗಗಳು ಅಲ್ಲಿ ಹೆಚ್ಚಲಿಲ್ಲ. ದೊಡ್ಡ ಕೊಳವೆಯನ್ನು ಅರ್ಧ ತುಂಬಿದರಾಯಿತು ಎನ್ನುವಂತಿಲ್ಲ. ಹೆಪ್ಪುಗಟ್ಟುವಿಕೆಯ ಪರೀಕ್ಷೆಯಲ್ಲಿ ರಕ್ತ ಗುರುತಿನವರೆಗೆ ತುಂಬದಿದ್ದರೆ ಫಲಿತಾಂಶವೇ ತಪ್ಪುತ್ತದೆ. ಕೊಳವೆಯೇ ಚಿಕ್ಕದಾಗಬೇಕು.

ತಿಂಗಳ ಬಳಿಕ ಮರುತಪಾಸಣೆಗೆ ಹೋದಾಗ ಚೀಟಿಯಲ್ಲಿ ಆರು ಪರೀಕ್ಷೆಗಳಿದ್ದವು. ಇವುಗಳಲ್ಲಿ ಯಾವುದರ ಫಲಿತಾಂಶದಿಂದ ಔಷಧ ಬದಲಾಗುತ್ತದೆಂದು ಈ ಸಲ ಮರಾಠಿಯಲ್ಲಿಯೇ ವಿನಯದಿಂದ ಕೇಳಿದೆ. ತರುಣ ವೈದ್ಯರು ಕ್ಷಣಹೊತ್ತು ಚೀಟಿ ನೋಡಿ, ಬೇಸರಪಡದೆ ನಾಲ್ಕನ್ನು ಹೊಡೆದುಹಾಕಿದರು.