ತಾರೆಯ ಲೋಹಾಂಶ, ಗ್ರಹದ ಕುಲ

ಜಲಜನಕ, ಹೀಲಿಯಂಗಳ ಹೊರತು ಮಿಕ್ಕ ಮೂಲವಸ್ತುಗಳನ್ನೆಲ್ಲ ಖಗೋಳಜ್ಞರು ‘ಲೋಹ’ವೆಂದೇ ಕರೆಯುತ್ತಾರೆ, ಅವರ ಪರಿಭಾಷೆಯಲ್ಲಿ ಆಮ್ಲಜನಕವೂ ಲೋಹವೇ. ತಾರೆಯೂ ಅದರ ಗ್ರಹಗಳೂ ಒಂದೇ ಮೋಡದಿಂದ ಹುಟ್ಟುವುದರಿಂದ ತಾರೆಯ ಲೋಹಾಂಶವು ಗ್ರಹಗಳ ಜನ್ಮವೃತ್ತಾಂತವನ್ನು ಸೂಚಿಸಬಲ್ಲುದು. ಲೋಹಸಮೃದ್ಧವಾದ ತಾರೆಗಳ ಸುತ್ತಲೇ ದೈತ್ಯಗ್ರಹಗಳು ಹೆಚ್ಚೆಂಬುದನ್ನು ಫಿಷರ್ ಮತ್ತು ವ್ಯಾಲೆಂಟಿ 2005ರಲ್ಲಿ ತೋರಿಸಿದರು. ಧೂಳು ಹೇರಳವಾಗಿದ್ದಲ್ಲಿ ಘನವಾದ ತಿರುಳು ಬೇಗನೆ ಕೂಡಿಕೊಂಡು, ಸುತ್ತಣ ಅನಿಲ ಚದುರಿಹೋಗುವ ಮುನ್ನವೇ ಅದನ್ನು ಸೆಳೆದುಕೊಳ್ಳುತ್ತದೆಂಬುದು ಇದರ ವಿವರಣೆ.

ಈ ನಿಯಮಕ್ಕೂ ಒಂದು ಎಲ್ಲೆಯುಂಟು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಸಂಶೋಧಕರು, ಬಹುದೂರದ ಕಕ್ಷೆಗಳಲ್ಲಿ ನೇರವಾಗಿ ಚಿತ್ರಕ್ಕೆ ಸಿಕ್ಕ ಗ್ರಹಗಳುಳ್ಳ 18 ತಾರೆಗಳ ಲೋಹಾಂಶವನ್ನು 2021ರಲ್ಲಿ ಪ್ರಕಟಿಸಿದರು. ಇತರ ಗ್ರಹಗಳ ತಾರೆಗಳೊಡನೆ ಹೋಲಿಸಿದಾಗ, ಗುರುಗ್ರಹದ ಸುಮಾರು 4 ಪಟ್ಟು ತೂಕವನ್ನು ಮೀರಿದ ಗ್ರಹಗಳ ತಾರೆಗಳಲ್ಲಿ ಸರಾಸರಿ ಲೋಹಾಂಶ ಇಳಿಮುಖವಾಗಿದೆ. ಅಂಥ ಭಾರಿ ಗ್ರಹಗಳಲ್ಲಿ ಹಲವು, ತಿರುಳಿಗಾಗಿ ಕಾಯದೆ, ಅನಿಲದ ತಟ್ಟೆಯೇ ಒಡೆದು ಕುಸಿದು ತಾರೆಗಳಂತೆ ಹುಟ್ಟಿರಬೇಕು.

ತಿಳಿವಿನ ‘ಅರಿ’ ಕನ್ನಡದ್ದು, ಶತ್ರುವೆಂಬ ‘ಅರಿ’ ಸಂಸ್ಕೃತದ್ದು. ರೂಪ ಒಂದಾದರೂ ಕುಲ ಬೇರೆ. ‘ಗ್ರಹ’ವೆಂಬ ಒಂದೇ ಹೆಸರಿನಲ್ಲಿಯೂ ಎರಡು ಕುಲಗಳು ಅಡಗಿರಬಹುದು. ತೂಕವೊಂದರಿಂದಲೇ ಅವನ್ನು ವಿಂಗಡಿಸಲಾಗದು, ಹುಟ್ಟನ್ನೂ ವಿಚಾರಿಸಬೇಕು.